ಮಲೆನಾಡಿನ ಪ್ರೌಢಶಾಲೆಯಲ್ಲಿ ಗಣಕ ವಿಜ್ಞಾನ: ನನ್ನ ಅನುಭವ

ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಗಣಿತ ಕಲಿಸುತ್ತೇನೆ. ಕಂಪ್ಯೂಟರ್‌ಗೆಂದೇ ನೇಮಕವಾದ ಶಿಕ್ಷಕರು ನಮ್ಮಲ್ಲಿ ಇಲ್ಲದ ಕಾರಣ ಕಂಪ್ಯೂಟರ್ ಕೊಠಡಿಯ ಹೊಣೆಯೂ ನನ್ನದೇ. ಕೆಲವು ವರ್ಷಗಳಿಂದ ಎಂಟು ಮತ್ತು ಒಂಬತ್ತನೆಯ ತರಗತಿಯ ಮಕ್ಕಳಿಗೆ ವಾರಕ್ಕೆ ಎರಡು ಅವಧಿ ಗಣಕ ವಿಜ್ಞಾನವನ್ನು ಕಲಿಸುತ್ತ ಬಂದಿದ್ದೇನೆ. ಟೈಪ್ ಮಾಡುವುದು, ಚಿತ್ರ ಬಿಡಿಸುವುದು, ಸ್ಲೈಡ್ ತಯಾರಿಸುವುದು ಇವೆಲ್ಲ ಉಪಯುಕ್ತವೇ. ಆದರೆ ಅಷ್ಟನ್ನು ಮಕ್ಕಳು ಮನೆಯ ಅಣ್ಣ-ಅಕ್ಕಂದಿರ ಮೊಬೈಲ್ ನೋಡಿಯೂ ಕಲಿತುಬಿಡುತ್ತಾರೆ. ಒಂದು ಕೆಲಸವನ್ನು ಸಂದೇಹಕ್ಕೆ ಎಡೆಯಿಲ್ಲದ ಹೆಜ್ಜೆಗಳಾಗಿ ಬಿಡಿಸುವುದು, ಮಾಹಿತಿಯನ್ನು ಸಂಖ್ಯೆಗಳಾಗಿ ಹಿಡಿದಿಡುವುದು, ತಾನು ಬರೆದ ವಿಧಾನ ಎಲ್ಲ ಸಂದರ್ಭದಲ್ಲೂ ಸರಿಯಾಗಿ ನಡೆಯುತ್ತದೆಯೇ ಎಂದು ಪರೀಕ್ಷಿಸುವುದು ಮಾತ್ರ ಶಾಲೆಯೇ ಕಲಿಸಬೇಕಾದ ವಿದ್ಯೆ ಎಂದು ನಾನು ನಂಬಿದ್ದೇನೆ.

ನಮ್ಮ ದೇಶದ ಶಾಲೆಗಳಿಗೆ ಕಂಪ್ಯೂಟರ್ ಹೊಸದೇನಲ್ಲ. 1984ರಲ್ಲಿಯೇ ಕೇಂದ್ರ ಸರ್ಕಾರ ‘ಕ್ಲಾಸ್’ ಎಂಬ ಯೋಜನೆಯಡಿ ಆಯ್ದ ಶಾಲೆಗಳಿಗೆ ಬ್ರಿಟನ್ನಿನ ಬಿಬಿಸಿ ಮೈಕ್ರೊ ಯಂತ್ರಗಳನ್ನು ಕೊಟ್ಟಿತ್ತು. 2004ರಲ್ಲಿ ಐಸಿಟಿ, ಅಂದರೆ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ ಯೋಜನೆ ಬಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮಾಧ್ಯಮಿಕ ಪೂರ್ವದ ಹಂತದಲ್ಲಿಯೇ, ಅಂದರೆ ಆರರಿಂದ ಎಂಟನೆಯ ತರಗತಿಯಲ್ಲಿ, ಕೋಡಿಂಗ್ ಚಟುವಟಿಕೆಗಳಿರಬೇಕೆಂದಿತು. ಯಂತ್ರ ಬಂದಷ್ಟು ಬೇಗ ವಿಷಯ ತರಗತಿಯೊಳಗೆ ಬರಲಿಲ್ಲ. ಅದನ್ನು ತರಲು ನಾನು ಹಿಡಿದ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮಂತಹ ಊರುಗಳಲ್ಲಿ ಪಾಠ ಮಾಡುವವರಿಗೆ ಅದರಲ್ಲಿ ಸ್ವಲ್ಪವಾದರೂ ಬಳಕೆಗೆ ಬರಬಹುದು.

ಈ ದಾರಿಯನ್ನು ಮೊದಲು ನಿರ್ಧರಿಸಿದ್ದು ಮಳೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆಯಾಗುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಆ ತಿಂಗಳುಗಳಲ್ಲಿ ಮರ ಬಿದ್ದು ತಂತಿ ಹರಿದರೆ ಕರೆಂಟು ಯಾವಾಗ ಬರುವುದೆಂದು ಹೇಳುವಂತಿಲ್ಲ, ಯುಪಿಎಸ್ ಬ್ಯಾಟರಿ ತುಂಬುವಷ್ಟು ಹೊತ್ತೂ ವಿದ್ಯುತ್ ಇರುವುದಿಲ್ಲ. ಹಾಗಾಗಿ ವರ್ಷವನ್ನು ಎರಡು ಭಾಗ ಮಾಡಿಕೊಂಡೆ: ದಸರಾ ರಜೆಯವರೆಗೆ ಯಂತ್ರವಿಲ್ಲದ ಪಾಠ, ರಜೆಯ ನಂತರ ಯಂತ್ರದ ಪಾಠ. ಮೊದಮೊದಲು ಇದು ಅನಿವಾರ್ಯದ ಏರ್ಪಾಡಾಗಿತ್ತು. ಈಗ ವರ್ಷವಿಡೀ ಕರೆಂಟು ಕೊಡುತ್ತೇವೆಂದರೂ ನಾನು ಈ ಕ್ರಮವನ್ನು ಬಿಡುವುದಿಲ್ಲ. ನಾಲ್ಕು ತಿಂಗಳು ಕಾಗದದ ಮೇಲೆ ಯೋಚಿಸಿದ ಮಕ್ಕಳು ಯಂತ್ರದ ಮುಂದೆ ಕುಳಿತಾಗ ಕೈಗೆ ಸಿಕ್ಕ ಗುಂಡಿ ಒತ್ತುತ್ತ ಕಾಲ ಕಳೆಯುವುದಿಲ್ಲ. ಏನನ್ನು ಮಾಡಿಸಬೇಕೆಂಬುದು ಅವರಿಗೆ ಮೊದಲೇ ತಿಳಿದಿರುತ್ತದೆ.

ಮಳೆಗಾಲದ ಪಾಠಗಳಿಗೆ ನ್ಯೂಜಿಲೆಂಡಿನ ಕ್ಯಾಂಟರ್ಬರಿ ವಿಶ್ವವಿದ್ಯಾಲಯದ ಟಿಮ್ ಬೆಲ್ ಮತ್ತು ಅವರ ಸಂಗಡಿಗರು ರೂಪಿಸಿದ ‘ಅನ್‌ಪ್ಲಗ್ಡ್’ ಚಟುವಟಿಕೆಗಳು ಬಹಳ ನೆರವಾದವು. ಹಳೆಯ ಕ್ಯಾಲೆಂಡರಿನ ರಟ್ಟಿನ ಮೇಲೆ 16, 8, 4, 2, 1 ಚುಕ್ಕೆಗಳನ್ನು ಹಾಕಿದ ಐದು ಕಾರ್ಡುಗಳಿದ್ದರೆ 0 ಮತ್ತು 1 ಎಂಬ ಎರಡೇ ಅಂಕಿಗಳ ದ್ವಿಮಾನ ಪದ್ಧತಿಯಲ್ಲಿ 31ರವರೆಗೆ ಎಣಿಸಬಹುದು. 1ರಿಂದ 1,000ದೊಳಗೆ ಮನಸ್ಸಿನಲ್ಲಿಟ್ಟುಕೊಂಡ ಸಂಖ್ಯೆಯನ್ನು ‘ಹೌದು’, ‘ಇಲ್ಲ’ ಎಂಬ ಉತ್ತರಗಳಿಂದಲೇ ಹತ್ತು ಪ್ರಶ್ನೆಗಳಲ್ಲಿ ಹಿಡಿಯಬಹುದು, ಏಕೆಂದರೆ ಎರಡನ್ನು ಹತ್ತು ಬಾರಿ ಗುಣಿಸಿದರೆ 1,024 ಆಗುತ್ತದೆ. ಇದನ್ನು ನಿಘಂಟಿನಲ್ಲಿ ಪದ ಹುಡುಕುವುದರೊಂದಿಗೆ ಜೋಡಿಸಿದಾಗ, ಪದಗಳು ಅಕಾರಾದಿಯಾಗಿ ಇರುವುದರಿಂದಲೇ ಪುಸ್ತಕವನ್ನು ಅರ್ಧ ಅರ್ಧವಾಗಿ ಬಿಟ್ಟುಕೊಡುತ್ತ ಹೋಗಲು ಸಾಧ್ಯ ಎಂಬುದನ್ನು ಮಕ್ಕಳು ತಾವಾಗಿ ಹೇಳಿದರು.

ಆದರೆ ನಮ್ಮ ಮಕ್ಕಳಿಗೆ ಎಲ್ಲಕ್ಕಿಂತ ಚೆನ್ನಾಗಿ ಹತ್ತಿದ ಪಾಠ ಅಡಿಕೆ ತೋಟದಿಂದ ಬಂದದ್ದು. ಮಳೆ ಹಿಡಿಯುವ ಹೊತ್ತಿಗೆ ಇಲ್ಲಿ ಮನೆಮನೆಯಲ್ಲೂ ಕೊಳೆ ರೋಗಕ್ಕೆ ಔಷಧಿ ಹೊಡೆಯುವ ತಯಾರಿ ನಡೆಯುತ್ತದೆ. ಶೇ 1ರ ಬೋರ್ಡೋ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣವನ್ನು ಬೇರೆ 50 ಲೀಟರ್ ನೀರಿನಲ್ಲಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಸುರಿಯಬೇಕು. ಆಮೇಲೆ ಹೊಳೆಯುವ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ ನೋಡಬೇಕು. ಅಲಗಿನ ಮೇಲೆ ಕೆಂಪು ಬಣ್ಣದ ತಾಮ್ರ ಕೂತರೆ ಸುಣ್ಣ ಸಾಲದೆಂದು ಅರ್ಥ, ಇನ್ನಷ್ಟು ಸುಣ್ಣದ ನೀರು ಸೇರಿಸಿ ಮತ್ತೆ ಅದ್ದಿ ನೋಡಬೇಕು. ಇದರಲ್ಲಿ ಗಣಕ ವಿಜ್ಞಾನದ ಆರಂಭದ ಪಾಠಗಳೆಲ್ಲ ಅಡಗಿವೆ. ಹೆಜ್ಜೆಗಳ ಅನುಕ್ರಮ ಇದೆ, ಕ್ರಮ ಬದಲಾದರೆ ಫಲಿತಾಂಶ ಕೆಡುತ್ತದೆ, ಒಂದು ಷರತ್ತು ಇದೆ, ಷರತ್ತು ನಿಜವಾಗಿರುವವರೆಗೆ ಮರಳಿ ಮರಳಿ ನಡೆಯುವ ಕೆಲಸ ಇದೆ.

ತರಗತಿಯಲ್ಲಿ ತುತ್ತವನ್ನು ಮಕ್ಕಳ ಕೈಗೆ ಕೊಡುವುದಿಲ್ಲ. ನೀಲಿ ಬಣ್ಣದ ನೀರು, ಸೀಮೆಸುಣ್ಣದ ಪುಡಿ ಬಳಸುತ್ತೇವೆ, ಅಲಗಿನ ಬಣ್ಣ ಯಾವುದೆಂಬುದನ್ನು ನಾನು ಚೀಟಿ ಎತ್ತಿ ಹೇಳುತ್ತೇನೆ. ಒಂದು ಗುಂಪು ಸೂಚನೆಗಳನ್ನು ಬರೆಯಬೇಕು, ಇನ್ನೊಂದು ಗುಂಪು ಬರೆದದ್ದನ್ನು ಮಾತ್ರ ಮಾಡಬೇಕು, ತಿಳಿದದ್ದನ್ನು ತಾನಾಗಿ ಸೇರಿಸುವಂತಿಲ್ಲ. ‘ಚೆನ್ನಾಗಿ ಕಲಕಿ’ ಎಂದು ಬರೆದ ಗುಂಪಿಗೆ ಎದುರಿನವರು ಎಷ್ಟು ಹೊತ್ತು ಎಂದು ಕೇಳಿದರು. ‘ಸುಣ್ಣ ಸೇರಿಸಿ’ ಎಂದವರಿಗೆ ಎಷ್ಟು ಎಂದು ಕೇಳಿದರು. ಕೆಂಪು ಹೋಗುವವರೆಗೆ ಸುಣ್ಣ ಸೇರಿಸುತ್ತಿರಬೇಕೆಂದು ಒಂದು ಗುಂಪು ನಿರ್ಧಾರಕ್ಕೆ ಬಂದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಮೇಡಂ, ಸುಣ್ಣವೇ ಖಾಲಿ ಆದ್ರೆ?” ಎಂದಳು. ಕೊನೆಯಿಲ್ಲದೆ ಸುತ್ತುವ ಲೂಪ್ ಎಂದರೇನು, ಅದನ್ನು ತಡೆಯಲು ಎರಡನೆಯ ಷರತ್ತು ಏಕೆ ಬೇಕು ಎಂಬುದನ್ನು ಆ ದಿನ ನಾನು ವಿವರಿಸಬೇಕಾಗಲಿಲ್ಲ. ಬೇಸಾಯದ ಮನೆಯ ಮಕ್ಕಳಿಗೆ ಸುಣ್ಣ ಖಾಲಿಯಾಗುವುದು ನಿಜವಾದ ಸಂಗತಿ. ಪಠ್ಯದಲ್ಲಿ ಬರುವ ಲಿಫ್ಟು, ಟ್ರಾಫಿಕ್ ಸಿಗ್ನಲ್‌ಗಳ ಉದಾಹರಣೆಗಳಿಗೆ ಈ ಬಲ ಇಲ್ಲ.

ದಸರಾ ಕಳೆದ ಮೇಲೆ ಕಂಪ್ಯೂಟರ್ ಕೊಠಡಿ ತೆರೆಯುತ್ತದೆ. ಯಂತ್ರಗಳನ್ನು ಮಳೆಗಾಲದಲ್ಲಿ ಸುಮ್ಮನೆ ಮುಚ್ಚಿಡಬಾರದು; ಕರೆಂಟು ಇದ್ದ ದಿನ ನೋಡಿ ಆಗಾಗ ಸ್ವಲ್ಪ ಹೊತ್ತು ಚಾಲೂ ಮಾಡಿಟ್ಟರೆ ಒಳಗಿನ ಬಿಸಿಗೆ ತೇವ ಆರುತ್ತದೆ. ಗುಡುಗಿದಾಗ ಪ್ಲಗ್ ಜೊತೆಗೆ ನೆಟ್‌ವರ್ಕ್ ಕೇಬಲನ್ನೂ ಕಳಚಬೇಕು. ಕಂಪ್ಯೂಟರ್ ಕಡಿಮೆ, ಮಕ್ಕಳು ಹೆಚ್ಚು, ಆದ್ದರಿಂದ ಒಂದು ಯಂತ್ರಕ್ಕೆ ಇಬ್ಬರು: ಒಬ್ಬರ ಕೈಯಲ್ಲಿ ಕೀಲಿಮಣೆ, ಇನ್ನೊಬ್ಬರ ಕೈಯಲ್ಲಿ ಬರೆದ ಕಾಗದ. ಕಾಗದ ಹಿಡಿದವರು ಹೇಳಬೇಕು, ಕೀಲಿಮಣೆಯವರು ಹೇಳಿದ್ದನ್ನು ಮಾತ್ರ ಒತ್ತಬೇಕು. ಅವಧಿಯ ನಡುವೆ ಗಂಟೆ ಹೊಡೆದು ಸ್ಥಾನ ಬದಲಿಸುತ್ತೇನೆ. ಈ ಗಂಟೆಯನ್ನು ನಾನು ಯಾವ ಕಾರಣಕ್ಕೂ ಬಿಡುವುದಿಲ್ಲ, ಏಕೆಂದರೆ ಬಿಟ್ಟರೆ ಕೀಲಿಮಣೆ ಹುಡುಗರ ಕೈಯಲ್ಲೇ ಉಳಿದು ಹುಡುಗಿಯರು ನೋಡುವವರಾಗಿಯೇ ಉಳಿಯುತ್ತಾರೆ. ಯಂತ್ರದ ಭಯ ಹೋಗುವುದು ಬೆರಳು ತಾಗಿದಾಗಲೇ.

ಎಂಟನೆಯ ತರಗತಿಯಲ್ಲಿ ಸ್ಕ್ರ್ಯಾಚ್ ಬಳಸುತ್ತೇವೆ. ಅಮೆರಿಕದ ಎಂಐಟಿಯಲ್ಲಿ ರೂಪುಗೊಂಡು 2007ರಲ್ಲಿ ಎಲ್ಲರಿಗೂ ಬಿಡುಗಡೆಯಾದ ಈ ತಂತ್ರಾಂಶದಲ್ಲಿ ಆಜ್ಞೆಗಳ ತುಂಡುಗಳನ್ನು ಎಳೆದು ಜೋಡಿಸಿದರಾಯಿತು, ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ. ನಮ್ಮ ಹಳೆಯ ಯಂತ್ರಗಳಿಗೆ ಅದರ ಹಿಂದಿನ ಆವೃತ್ತಿಯೇ ಹಗುರ. ಒಂಬತ್ತನೆಯ ತರಗತಿಯಲ್ಲಿ ಆಜ್ಞೆಗಳನ್ನು ಟೈಪ್ ಮಾಡಿ ಬರೆಯುವ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ಬರುತ್ತೇವೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಇದರಲ್ಲಿ ಒಂದು ದೊಡ್ಡ ಅನುಕೂಲವಿದೆ: ಪೈಥಾನ್‌ನ ಮೂರನೆಯ ಆವೃತ್ತಿಯಿಂದ ಚರಗಳ, ಅಂದರೆ ಬೆಲೆಗಳನ್ನು ಹಿಡಿದಿಡುವ ಜಾಗಗಳ, ಹೆಸರನ್ನು ಕನ್ನಡ ಲಿಪಿಯಲ್ಲೇ ಇಡಬಹುದು. ಮಕ್ಕಳ ಮೊದಲ ಪ್ರೋಗ್ರಾಮಿನಲ್ಲಿ ‘ನೀರು’, ‘ತುತ್ತ’, ‘ಸುಣ್ಣ’ ಎಂಬ ಚರಗಳೇ ಇರುತ್ತವೆ. ಎಷ್ಟು ಲೀಟರ್ ದ್ರಾವಣ ಬೇಕೆಂದು ಕೊಟ್ಟರೆ ನೂರರಿಂದ ಭಾಗಿಸಿ ತುತ್ತ ಎಷ್ಟು, ಸುಣ್ಣ ಎಷ್ಟು ಎಂದು ಅದು ತಿಳಿಸುತ್ತದೆ. ಪ್ರೋಗ್ರಾಮ್ ಕೇಳಿದಾಗ 200 ಎಂಬುದನ್ನು ‘೨೦೦’ ಎಂದು ಕನ್ನಡ ಅಂಕಿಗಳಲ್ಲಿ ಕೊಟ್ಟರೂ ಪೈಥಾನ್ ಅದನ್ನು ಪೂರ್ಣಾಂಕವಾಗಿ ಪರಿವರ್ತಿಸಿಕೊಳ್ಳುತ್ತದೆ, ಆದರೆ ಪ್ರೋಗ್ರಾಮಿನ ಸಾಲಿನೊಳಗೆ ಸಂಖ್ಯೆಯನ್ನು ಹಾಗೆ ಬರೆದರೆ ಒಪ್ಪುವುದಿಲ್ಲ. ಇನ್ನೊಂದು ತೊಡಕನ್ನು ಕಲಿಸುವವರು ಮೊದಲೇ ತಿಳಿದಿರಬೇಕು. ಕನ್ನಡ ಟೈಪ್ ಮಾಡುವಾಗ ಒತ್ತಕ್ಷರ ಕೂಡದಂತೆ ತಡೆಯಲು ಕಣ್ಣಿಗೆ ಕಾಣದ ಒಂದು ಸಂಕೇತ ಸೇರುವುದುಂಟು. ಅದು ಚರದ ಹೆಸರಿನಲ್ಲಿ ಸೇರಿಕೊಂಡರೆ ಪ್ರೋಗ್ರಾಮ್ ನಿಲ್ಲುತ್ತದೆ, ಮಗುವಿನ ಕಣ್ಣಿಗೆ ಮಾತ್ರ ಸಾಲು ಸರಿಯಾಗಿಯೇ ಕಾಣುತ್ತಿರುತ್ತದೆ.

ಕನ್ನಡ ಲಿಪಿ ನಮಗೆ ಅದಕ್ಕಿಂತ ಆಳವಾದ ಪಾಠವನ್ನೂ ಕೊಟ್ಟಿತು. ಆಗುಂಬೆ ಎಂಬ ಹೆಸರಿನಲ್ಲಿ ಎಷ್ಟು ಅಕ್ಷರಗಳಿವೆ ಎಂದರೆ ಮಕ್ಕಳು ಮೂರು ಎನ್ನುತ್ತಾರೆ, ಪೈಥಾನ್ ಆರು ಎನ್ನುತ್ತದೆ. ಶಿವಮೊಗ್ಗಕ್ಕೆ ನಾಲ್ಕರ ಬದಲು ಎಂಟು, ತೀರ್ಥಹಳ್ಳಿಗೆ ನಾಲ್ಕರ ಬದಲು ಹತ್ತು. ಲಿಪಿಗಳ ಸಂಕೇತಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ವ್ಯಂಜನ, ಸ್ವರಚಿಹ್ನೆ, ಅನುಸ್ವಾರ, ವಿರಾಮ (ವ್ಯಂಜನದ ಸ್ವರವನ್ನು ತೆಗೆಯುವ ‘್’ ಚಿಹ್ನೆ) ಇವೆಲ್ಲಕ್ಕೂ ಬೇರೆ ಬೇರೆ ಸಂಖ್ಯೆಗಳಿರುವುದೇ ಇದರ ಕಾರಣ. ಹಿಂದುಮುಂದಾಗಿ ಓದಿದರೂ ಒಂದೇ ಆಗಿರುವ ಪದಗಳನ್ನು ಗುರುತಿಸುವ ಪ್ರೋಗ್ರಾಮನ್ನು ಮಕ್ಕಳು ಬರೆದಾಗ ಅದು ‘ಕನಕ’, ‘ಗದಗ’ಗಳನ್ನು ಒಪ್ಪಿಕೊಂಡಿತು, ಎಲ್ಲರಿಗೂ ಗೊತ್ತಿರುವ ‘ವಿಕಟಕವಿ’ಯನ್ನು ತಿರಸ್ಕರಿಸಿತು. ಯಂತ್ರ ಆ ಪದವನ್ನು ಹಿಂದಿನಿಂದ ಓದುವಾಗ ಗುಡಿಸು ಮೊದಲು ಬರುತ್ತದೆ, ವಕಾರ ಆಮೇಲೆ ಬರುತ್ತದೆ. ಹಾಗಾದರೆ ಅಕ್ಷರ ಎಲ್ಲಿ ಮುಗಿಯುತ್ತದೆಂದು ಯಂತ್ರಕ್ಕೆ ಹೇಳುವುದು ಹೇಗೆ? ಈ ಪ್ರಶ್ನೆಯ ಮೇಲೆ ನಾವು ಹಲವು ಅವಧಿ ಕಳೆದೆವು. ಬಂದ ಸಂಕೇತ ಸ್ವರಚಿಹ್ನೆಯೋ ಅನುಸ್ವಾರವೋ ವಿಸರ್ಗವೋ ವಿರಾಮವೋ ಆಗಿದ್ದರೆ ಹಿಂದಿನದಕ್ಕೆ ಸೇರಿಸು. ಹಿಂದಿನದು ವಿರಾಮವಾಗಿದ್ದು ಈಗ ಬಂದದ್ದು ವ್ಯಂಜನವಾಗಿದ್ದರೆ ಅದನ್ನೂ ಹಿಂದಿನದಕ್ಕೆ ಸೇರಿಸು. ಉಳಿದಂತೆ ಹೊಸ ಅಕ್ಷರ ಆರಂಭಿಸು. ಈ ನಿಯಮವನ್ನು ಮಕ್ಕಳೇ ಕರಿಹಲಗೆಯ ಮೇಲೆ ಕಟ್ಟಿದರು. ಒಂದನೆಯ ತರಗತಿಯಲ್ಲಿ ಕಾಗುಣಿತ ತಿದ್ದಿದ ಜ್ಞಾನವನ್ನು ಅವರು ಒಂಬತ್ತನೆಯ ತರಗತಿಯಲ್ಲಿ ಅಲ್ಗಾರಿದಮ್ ಆಗಿ, ಅಂದರೆ ಹೆಜ್ಜೆ ಹೆಜ್ಜೆಯ ವಿಧಾನವಾಗಿ ಬರೆದರು. ಇಂಗ್ಲಿಷ್ ಪದಗಳ ಮೇಲೆಯೇ ಅಭ್ಯಾಸ ಮಾಡಿಸಿದ್ದರೆ ಈ ಸಮಸ್ಯೆಯೇ ಏಳುತ್ತಿರಲಿಲ್ಲ, ಈ ವಿದ್ಯೆಯೂ ಸಿಗುತ್ತಿರಲಿಲ್ಲ.

ಫೆಬ್ರವರಿಯ ಹೊತ್ತಿಗೆ ದತ್ತಾಂಶದ ಪಾಠ. ನಮ್ಮ ಕಡೆಯ ತೋಟದ ಮನೆಗಳಲ್ಲಿ ದಿನದ ಮಳೆಯನ್ನು ಇಂಚಿನ ಲೆಕ್ಕದಲ್ಲಿ ಡೈರಿಯಲ್ಲಿ ಬರೆದಿಡುವ ಹಿರಿಯರು ಇದ್ದಾರೆ. ವಿದ್ಯಾರ್ಥಿಯೊಬ್ಬ ತನ್ನ ಅಜ್ಜಯ್ಯನ ಡೈರಿ ತಂದ. ಲಿಬ್ರೆಆಫೀಸ್ ತಂತ್ರಾಂಶದ ಕ್ಯಾಲ್ಕ್ ಎಂಬ ಲೆಕ್ಕದ ಹಾಳೆಗೆ ಅದನ್ನು ಏರಿಸಿ, ಇಂಚನ್ನು 25.4ರಿಂದ ಗುಣಿಸಿ ಮಿಲಿಮೀಟರ್ ಮಾಡಿ, ಆರಿದ್ರಾ, ಪುನರ್ವಸು, ಪುಷ್ಯ ಎಂದು ನಕ್ಷತ್ರವಾರು ಗುಂಪು ಮಾಡಿದೆವು. ಹಿರಿಯರು ಮಳೆಯನ್ನು ನೆನಪಿಟ್ಟುಕೊಳ್ಳುವುದು ತಿಂಗಳಿನ ಲೆಕ್ಕದಲ್ಲಲ್ಲ, ಆದ್ದರಿಂದ ಅವರ ಮಾತನ್ನು ಅಂಕಿಗಳೊಂದಿಗೆ ಹೋಲಿಸಿ ನೋಡಬೇಕಾದರೆ ಗುಂಪೂ ಹಾಗೆಯೇ ಇರಬೇಕು. ಡೈರಿಯಲ್ಲಿ ಕೆಲವು ದಿನ ‘0’ ಇತ್ತು, ಕೆಲವು ದಿನ ಏನೂ ಬರೆದಿರಲಿಲ್ಲ. ಎರಡೂ ಒಂದೇ ಎಂದು ಮಕ್ಕಳು ವಾದಿಸಿದರು. ಖಾಲಿ ಜಾಗಗಳಲ್ಲಿ ಸೊನ್ನೆ ತುಂಬಿಸಿ ಸರಾಸರಿ ತೆಗೆಸಿದೆ, ಅಳಿಸಿ ಮತ್ತೆ ತೆಗೆಸಿದೆ. ಉತ್ತರ ಬೇರೆಯಾಯಿತು, ಏಕೆಂದರೆ ಸರಾಸರಿಯ ಸೂತ್ರ ಖಾಲಿ ಕೋಶವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಸೊನ್ನೆಯನ್ನು ಹಿಡಿಯುತ್ತದೆ. ಇನ್ನೊಂದು ಕಡೆ ‘ಮದುವೆಗೆ ಹೋಗಿದ್ದೆ, ಎರಡು ದಿನದ್ದು ಸೇರಿ’ ಎಂಬ ಟಿಪ್ಪಣಿ ಇತ್ತು. ಅದನ್ನು ಎರಡು ದಿನಕ್ಕೆ ಸಮನಾಗಿ ಹಂಚಬೇಕೇ, ಹಾಗೆಯೇ ಬಿಡಬೇಕೇ ಎಂಬ ಚರ್ಚೆ ಅವಧಿ ಮುಗಿದ ಮೇಲೂ ನಡೆಯಿತು. ಹಾಗೆಯೇ ಬಿಟ್ಟರೆ ಒಟ್ಟು ಮಳೆಗೆ ಬಾಧೆಯಿಲ್ಲ, ಅತಿ ಹೆಚ್ಚು ಮಳೆಯ ದಿನ ಯಾವುದೆಂಬ ಉತ್ತರ ಮಾತ್ರ ತಪ್ಪಾಗಬಹುದು. ಹಂಚಿದರೆ ಅಳೆಯದ ಅಂಕಿಯನ್ನು ನಾವೇ ಸೃಷ್ಟಿಸಿದಂತೆ. ಕೊನೆಗೆ ಪಕ್ಕದಲ್ಲಿ ಇನ್ನೊಂದು ಕಂಬಸಾಲು ಮಾಡಿ ‘ಎರಡು ದಿನದ್ದು’ ಎಂದು ಗುರುತು ಹಾಕಿದರು. ಕೃತಕ ಬುದ್ಧಿಮತ್ತೆಯ ಬಗ್ಗೆ ಮಕ್ಕಳು ಈಗ ದಿನವೂ ಕೇಳುತ್ತಾರೆ. ಅದರ ಬುಡದಲ್ಲಿರುವ ದತ್ತಾಂಶದ ಪ್ರಶ್ನೆಗಳನ್ನು ಒಂದು ಮಳೆ ಡೈರಿಯಿಂದ ಇಷ್ಟರಮಟ್ಟಿಗೆ ಮುಟ್ಟಬಹುದೆಂದು ನನಗೆ ಅಪಾರ ಸಂತೋಷವಾಯಿತು.

ಪರೀಕ್ಷೆಯನ್ನು ನಾನು ಕಾಗದದ ಮೇಲೆಯೇ ಮಾಡುತ್ತೇನೆ. ಎಂಟು-ಹತ್ತು ಸಾಲಿನ ಪ್ರೋಗ್ರಾಮ್ ಕೊಟ್ಟು, ಪ್ರತಿ ಸುತ್ತಿನಲ್ಲಿ ಯಾವ ಚರದ ಬೆಲೆ ಎಷ್ಟಾಗುತ್ತದೆಂದು ಕೋಷ್ಟಕ ಬರೆಯಲು ಹೇಳುತ್ತೇನೆ. ಜೊತೆಗೆ ಬೇಕೆಂದೇ ಒಂದು ದೋಷವಿಟ್ಟ ಪ್ರೋಗ್ರಾಮ್ ಕೊಟ್ಟು, ಯಾವ ಸಂಖ್ಯೆ ಕೊಟ್ಟರೆ ಅದು ತಪ್ಪು ಉತ್ತರ ಕೊಡುತ್ತದೆಂದು ಕೇಳುತ್ತೇನೆ. ಸ್ವಂತವಾಗಿ ಬರೆಯುವುದಕ್ಕಿಂತ ಬೇರೆಯವರು ಬರೆದದ್ದನ್ನು ಓದಿ ಅರ್ಥಮಾಡಿಕೊಳ್ಳುವುದು ನಿಧಾನವಾಗಿ ಬರುವ ವಿದ್ಯೆ, ಅದಕ್ಕೇ ಅಂಕ ಹೆಚ್ಚು. ಹತ್ತನೆಯ ತರಗತಿಗೆ ಎಸ್ಸೆಸ್ಸೆಲ್ಸಿಯ ಒತ್ತಡವಿರುವುದರಿಂದ ಅಲ್ಲಿ ಅವಧಿ ಸಿಗುವುದಿಲ್ಲ. ಆದ್ದರಿಂದ ಈಗ ಕೆಳಗಿನ ತರಗತಿಗಳತ್ತ ನೋಡುತ್ತಿದ್ದೇನೆ. ಹತ್ತಿರದ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಕಂಪ್ಯೂಟರ್ ಇಲ್ಲ. ಅಲ್ಲಿನ ಆರು ಮತ್ತು ಏಳನೆಯ ತರಗತಿಗೆ ನಮ್ಮ ಒಂಬತ್ತನೆಯ ತರಗತಿಯವರು ಚುಕ್ಕೆ ಕಾರ್ಡುಗಳನ್ನೂ ಬೋರ್ಡೋ ಪಾಠವನ್ನೂ ಕಲಿಸಲು ಎರಡೂ ಶಾಲೆಯ ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಬರುವ ಜೂನ್‌ನಲ್ಲಿ, ಔಷಧಿ ಹೊಡೆಯುವ ದಿನಗಳಲ್ಲಿಯೇ, ಅದನ್ನು ಆರಂಭಿಸುತ್ತೇವೆ.