ಗಾಳಿಪಟದ ದಾರ ಮಕ್ಕಳ ಕೈಯಲ್ಲೇ ಇರಲಿ

ಮೊದಲ ಸಲ ಹೋದಾಗ ಓಡಿದ್ದೇ ಓಡಿದ್ದು. 4 ವರ್ಷದ ಮಗ ದಾರ ಹಿಡಿದು ಓಡಿದ. ಗಾಳಿಪಟ ಅವನ ಹಿಂದೆ ನೆಲ ಕೆರೆಯುತ್ತಾ ಬಂತು. ಹಿಂದೆ ನೋಡುತ್ತಾ ಓಡಿದವನು ಮುಗ್ಗರಿಸಿ ಬಿದ್ದು ಮಂಡಿ ತರಚಿಕೊಂಡ. ಪಟದ ಕಡ್ಡಿಯೂ ಮುರಿಯಿತು. 7 ವರ್ಷದ ಮಗಳು ಮುಖ ಸಣ್ಣ ಮಾಡಿಕೊಂಡು, 'ಇದು ಹಾರಲ್ಲ, ಮನೆಗೆ ಹೋಗೋಣ' ಅಂದಳು. ಅವತ್ತು ನನಗೆ ನಿಜಕ್ಕೂ ಬೇಜಾರಾಯಿತು.

ಪಟದ್ದು ತಪ್ಪೇನೂ ಇರಲಿಲ್ಲ, ಗಾಳಿಯೇ ಇರಲಿಲ್ಲ. ಈಗ ಹೊರಡುವ ಮೊದಲು ಮರ ನೋಡುತ್ತೇನೆ. ಎಲೆಗಳೂ ಸಣ್ಣ ರೆಂಬೆಗಳೂ ಬಿಡದೆ ಅಲ್ಲಾಡುತ್ತಿದ್ದರೆ ಗಾಳಿ ಗಂಟೆಗೆ 12ರಿಂದ 19 ಕಿಲೋಮೀಟರ್ ವೇಗದಲ್ಲಿದೆ ಅಂತ ಲೆಕ್ಕ. ಮಕ್ಕಳ ಪಟಕ್ಕೆ ಅಷ್ಟು ಸಾಕು. ಚಿಕ್ಕ ಮರಗಳೇ ತೂಗಾಡುತ್ತಿದ್ದರೆ ಅವತ್ತು ಹೋಗುವುದಿಲ್ಲ. ಪುಟ್ಟ ಕೈಗೆ ಆ ಎಳೆತ ತುಂಬಾ ಜಾಸ್ತಿ. ಜಾಗವೂ ಬಯಲಾಗಿರಬೇಕು. ಮರ, ಕಟ್ಟಡದ ಮರೆಯಲ್ಲಿ ಗಾಳಿ ಸುತ್ತಿ ಸುಳಿದು ಪಟವನ್ನು ಕೆಡವುತ್ತದೆ. ಕರೆಂಟ್ ತಂತಿ ಹತ್ತಿರವಿದ್ದರೆ ಆ ಜಾಗ ಬೇಡವೇ ಬೇಡ.

ಈಗ ಯಾರೂ ಓಡುವುದಿಲ್ಲ. ಗಾಳಿಗೆ ಬೆನ್ನು ಕೊಟ್ಟು ದಾರ ಹಿಡಿದು ನಿಲ್ಲುತ್ತೇನೆ. ಮಗಳು ಪಟ ಹಿಡಿದು 15–20 ಮೀಟರ್ ನಡೆದು ಹೋಗಿ, ಅದರ ಮೂತಿ ಮೇಲೆ ಮಾಡಿ ನನ್ನ ಕಡೆ ತಿರುಗಿ ನಿಲ್ಲುತ್ತಾಳೆ. ಮೊದಮೊದಲು ಪಟವನ್ನು ಮೇಲಕ್ಕೆ ಎಸೆಯುತ್ತಿದ್ದಳು. 'ಎಸೀಬೇಡ, ಸುಮ್ನೆ ಕೈ ಬಿಡು' ಅಂತ ನಾಲ್ಕೈದು ಸಲ ಹೇಳಬೇಕಾಯಿತು. ಅವಳು ಬಿಟ್ಟ ಕೂಡಲೇ ನಾನು ದಾರ ಎಳೆದುಕೊಳ್ಳುತ್ತೇನೆ. ಪಟ ಏರುತ್ತದೆ. ಅದು ಎಳೆದಾಗ ದಾರ ಬಿಡುತ್ತೇನೆ, ದಾರ ಜೋಲು ಬಿದ್ದರೆ ನಿಲ್ಲಿಸುತ್ತೇನೆ.

ಪಟ ಗಿರಕಿ ಹೊಡೆದರೆ ಬಾಲಂಗೋಚಿ ಉದ್ದ ಮಾಡಿ. ಹಳೆ ಬಟ್ಟೆಯ ಪಟ್ಟಿಗಳನ್ನು ಗಂಟು ಹಾಕಿದರೆ ಆಯಿತು, ಆ ಕೆಲಸ ಮಕ್ಕಳಿಗೇ ಕೊಡಿ. ಜೋರಾಗಿ ಎಳೆಯುತ್ತಿದ್ದರೂ ಮೇಲೇರದೆ ಕೆಳಗೇ ನಿಂತರೆ ಸೂತ್ರದ (ಪಟಕ್ಕೆ ಕಟ್ಟಿ, ಹಾರಿಸುವ ದಾರವನ್ನು ಜೋಡಿಸುವ ಎಳೆಯ) ಗಂಟನ್ನು ಒಂದು ಬೆರಳಷ್ಟು ಮೂತಿಯ ಕಡೆಗೆ ಸರಿಸಿ ನೋಡಿ. ನಮ್ಮ ಪಟ ಅಷ್ಟಕ್ಕೇ ಸರಿಹೋಯಿತು.

ಮಗನಿಗೆ ಮಾತ್ರ ಸ್ಲೆಡ್ ಪಟ ಮಾಡಿಕೊಟ್ಟೆ. ವಿಲಿಯಂ ಆಲಿಸನ್ ಎಂಬುವವರು 1956ರಲ್ಲಿ ಪೇಟೆಂಟ್ ಪಡೆದ ಮಾದರಿ ಅದು. ಇದರಲ್ಲಿ ಅಡ್ಡಕಡ್ಡಿ ಇರುವುದಿಲ್ಲ, ಗಾಳಿಯೇ ಅದನ್ನು ಅಗಲಿಸಿ ಹಿಡಿಯುತ್ತದೆ. ಬಿದ್ದರೂ ಮುರಿಯುವುದು ಕಡಿಮೆ.

ಪಟ ಮೇಲೆ ನಿಂತ ಮೇಲೆ ದಾರ ಮಕ್ಕಳ ಕೈಗೆ ಹೋಗಬೇಕು. ಎಷ್ಟೋ ಕಡೆ ದೊಡ್ಡವರೇ ಹಾರಿಸುತ್ತಾ ಮಕ್ಕಳನ್ನು ಬರೀ ನೋಡಲು ಬಿಡುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಗಾಳಿಪಟ ಇರುವುದೇ ಕೈಗೆ ಸಿಗುವ ಆ ಎಳೆತದಲ್ಲಿ, ಅಲ್ವಾ? ಮಗ ಮೊದಲ ಸಲ ಹಿಡಿದಾಗ ಕಣ್ಣರಳಿಸಿ, 'ಅಮ್ಮಾ, ಅದು ನನ್ನ ಎಳೀತಿದೆ!' ಅಂದ. ದಾರವನ್ನು ಬೆರಳಿಗೆ ಸುತ್ತಿಕೊಳ್ಳಲು ಬಿಡಬೇಡಿ, ಕುಯ್ಯುತ್ತದೆ. ಅಗಲವಾದ ಹಿಡಿ ಇರುವ ಸುರುಳಿ ಕೊಡಿ. ನಾನು ದಾರದ ತುದಿಯನ್ನು ಭಾರದ ಚೀಲಕ್ಕೆ ಕಟ್ಟಿರುತ್ತೇನೆ. ಅವನು ಕೈಬಿಟ್ಟರೂ ಪಟ ಹೋಗುವುದಿಲ್ಲ, ಅಳುವೂ ಇಲ್ಲ.

ಗಾಜಿನ ಪುಡಿ ಹಚ್ಚಿದ ದಾರವನ್ನು ನಾವು ಮುಟ್ಟುವುದಿಲ್ಲ, ಬರೀ ಹತ್ತಿ ದಾರ. ತುಂಡಾದ ದಾರವನ್ನೆಲ್ಲ ಮಕ್ಕಳೇ ಹೆಕ್ಕುತ್ತಾರೆ, ಹಕ್ಕಿಗಳ ಕಾಲಿಗೆ ಸಿಕ್ಕಿಕೊಳ್ಳಬಾರದು ಅಂತ. ಗುಡುಗು ಕೇಳಿದರೆ ಆ ಕ್ಷಣವೇ ಪಟ ಇಳಿಸುತ್ತೇವೆ.

ಮಕ್ಕಳಿಗೆ ಎಲ್ಲಕ್ಕಿಂತ ಇಷ್ಟ ಪತ್ರ ಕಳಿಸುವುದು. ಅಂಗೈಯಷ್ಟು ಕಾಗದವನ್ನು ದುಂಡಗೆ ಕತ್ತರಿಸಿ, ಅಂಚಿನಿಂದ ನಡುವಿನ ತನಕ ಸೀಳಿ ದಾರಕ್ಕೆ ಸಿಕ್ಕಿಸಿದರೆ ಗಾಳಿ ಅದನ್ನು ತಳ್ಳಿಕೊಂಡು ಮೇಲೆ ಒಯ್ಯುತ್ತದೆ. ಮಗಳು ತನ್ನ ಹೆಸರು ಬರೆದಳು. ಮಗ ಬೆಕ್ಕಿನ ಚಿತ್ರ ಬರೆದ. ಬೆಕ್ಕು ಅರ್ಧ ದಾರಿಯಲ್ಲಿ ಗಂಟಿಗೆ ಸಿಕ್ಕಿ ನಿಂತಿತು. ಇಬ್ಬರೂ ಸೇರಿ ದಾರ ಅಲ್ಲಾಡಿಸಿದರು, ಮತ್ತೆ ಹೊರಟಿತು. ಸಂಜೆ ಪಟ ಇಳಿಸಿದಾಗ ಕಾಗದ ಸೂತ್ರದ ಹತ್ತಿರವೇ ಇತ್ತು. ಅವನು ಬಿಚ್ಚಲು ಬಿಡಲಿಲ್ಲ. ಆ ಬೆಕ್ಕು ಇನ್ನೂ ಅಲ್ಲೇ ಇದೆ.