ಹಾಲ್ ಬೇಡ, ಮೆಟ್ಟಿಲ ಪಕ್ಕ ಒಂದು ಕಟ್ಟೆ ಸಾಕು: ನನ್ನ ಅನುಭವ

ನಾಲ್ಕು ಮಹಡಿಯ ಹಳೆಯ ವಸತಿ ಕಟ್ಟಡ. ಇಪ್ಪತ್ತಕ್ಕೂ ಜಾಸ್ತಿ ಮನೆಗಳು. ಜನ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ, ದೂರು ಬರೆಯುವಾಗ ಮಾತ್ರ ಪಕ್ಕದ ಮನೆ ನೆನಪಾಗುತ್ತದೆ, ಏನಾದರೂ ಮಾಡಿ ಎಂದು ನಿವಾಸಿಗಳ ಸಮಿತಿ ಕರೆದಿತ್ತು. ಹೊಸದಾಗಿ ಎಲ್ಲರೂ ಸೇರುವ ಹಾಲ್ ಏನೂ ಬೇಡ, ಹತ್ತಿ ಇಳಿಯುವ ದಾರಿಯಲ್ಲೇ ಕೂರುವ ಕಟ್ಟೆ ಮಾಡೋಣ ಎಂದೆ. ಯಾರೂ ನಂಬಲಿಲ್ಲ. ಕಸ ತುಂಬುತ್ತದೆ, ಕೆಲಸವಿಲ್ಲದವರು ಬಂದು ಕೂರುತ್ತಾರೆ ಎಂದರು. ನನ್ನ ಜೊತೆಗಿದ್ದ ಎಂಜಿನಿಯರ್‌ಗೂ ನಂಬಿಕೆ ಇರಲಿಲ್ಲ. ಈಗ ಎರಡು ವರ್ಷದ ಮೇಲಾಯಿತು. ಕಟ್ಟೆಗಳು ಚೆನ್ನಾಗಿವೆ, ಜನ ಕೂರುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಹೋಗುವ ಹೊತ್ತಿಗೆ ಅಲ್ಲಿ ಎರಡು ಸಲ ಹಣ ಸುರಿದಾಗಿತ್ತು. ಮೊದಲು ನೆಲಮಹಡಿಯಲ್ಲಿ ಒಂದು ಹಾಲ್. ಅದಕ್ಕೆ ಬೀಗ, ಬೀಗದ ಕೈ ಒಬ್ಬರ ಬಳಿ. ವರ್ಷದಲ್ಲಿ ಎರಡು ಮೂರು ಸಭೆ, ಉಳಿದ ದಿನ ಕತ್ತಲು. ಆಮೇಲೆ ತಾರಸಿ ತೋಟ. ಒಂದು ಘನ ಮೀಟರ್ ಒದ್ದೆ ಮಣ್ಣು ಒಂದೂವರೆ ಟನ್ನಿಗೂ ಜಾಸ್ತಿ ತೂಗುತ್ತದೆ. ಮೇಲಿನ ಮನೆಗಳ ಸೀಲಿಂಗ್‌ನಲ್ಲಿ ನೀರು ಜಿನುಗಿತು. ಮಣ್ಣು ಇಳಿಸಿ ವಾಟರ್‌ಪ್ರೂಫಿಂಗ್ ಮತ್ತೆ ಮಾಡಿಸಲು ತೋಟಕ್ಕಿಂತ ಹೆಚ್ಚು ಖರ್ಚಾಯಿತಂತೆ. ಇದರಿಂದ ಜಗಳ ಇನ್ನೂ ಬೆಳೆಯಿತು.

ಹಾಲ್‌ಗೂ ತೋಟಕ್ಕೂ ಇದ್ದ ತೊಂದರೆ ಒಂದೇ. ಅಲ್ಲಿಗೆ ಹೋಗಬೇಕು ಎಂದು ಮನಸ್ಸು ಮಾಡಿದರೆ ಮಾತ್ರ ಹೋಗುವ ಜಾಗ ಅವು. ದುಡಿದು ಬಂದವರು ಆ ಮನಸ್ಸು ಮಾಡುವುದಿಲ್ಲ. ಅಮೆರಿಕದ ಸೇಂಟ್ ಲೂಯಿಸ್‌ನ ಪ್ರೂಟ್-ಐಗೋ ವಸತಿಯಲ್ಲಿ 11 ಮಹಡಿಯ 33 ಕಟ್ಟಡಗಳಿದ್ದವು. ಲಿಫ್ಟ್ ಮೂರು ಮಹಡಿಗೊಮ್ಮೆ ನಿಲ್ಲುತ್ತಿತ್ತು. ಅದು ನಿಲ್ಲುವ ಮಹಡಿಯ ಉದ್ದ ಗ್ಯಾಲರಿಯಲ್ಲಿ, ಅಂದರೆ ಓಣಿಯಂಥ ಮೊಗಸಾಲೆಯಲ್ಲಿ, ಜನ ಸೇರುತ್ತಾರೆ, ಮಕ್ಕಳು ಆಡುತ್ತಾರೆ ಎಂದು ನಕ್ಷೆಯಲ್ಲಿ ತೋರಿಸಿದ್ದರು. ಆ ಗ್ಯಾಲರಿ ಯಾರ ಮನೆ ಬಾಗಿಲಿಗೂ ಸೇರಿದ್ದಾಗಿರಲಿಲ್ಲ. ಜನ ಅಲ್ಲಿ ಓಡಾಡಲು ಹೆದರುವ ಸ್ಥಿತಿ ಬಂತು. 1972ರಲ್ಲಿ ಕೆಡವಲು ಶುರು ಮಾಡಿದರು. ನಿರ್ವಹಣೆಗೆ ಹಣ ಇಲ್ಲದ್ದು, ಬಡತನ, ಊರಿನ ರಾಜಕೀಯ ಎಲ್ಲವೂ ಅದರಲ್ಲಿ ಸೇರಿತ್ತು, ತಪ್ಪೆಲ್ಲ ವಿನ್ಯಾಸದ್ದಲ್ಲ. ಆದರೆ ಬಾಗಿಲಿನಿಂದ ದೂರ ಇಟ್ಟ ಸೇರುವ ಜಾಗ ನನಗೆ ಅಲ್ಲಿಂದಲೇ ಬೇಡವಾಯಿತು.

ನಾನು ನೆಚ್ಚಿಕೊಂಡದ್ದು ಇನ್ನೊಂದು ಹಳೆ ಕೆಲಸವನ್ನು. ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ ಮತ್ತು ಜೊತೆಗಾರರು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಕುಟುಂಬಗಳ ವಸತಿಯಲ್ಲಿ ಯಾರು ಯಾರಿಗೆ ಸ್ನೇಹಿತರು ಎಂದು ಕೇಳಿ 1950ರಲ್ಲಿ ಪ್ರಕಟಿಸಿದರು. ಒಂದೇ ಮಹಡಿಯಲ್ಲಿ ಪಕ್ಕದ ಬಾಗಿಲಿನವರು ಸ್ನೇಹಿತರಾಗಿದ್ದದ್ದು ನೂರಕ್ಕೆ 41, ಅದೇ ಸಾಲಿನ ಆ ತುದಿಯವರು ನೂರಕ್ಕೆ 10. ಮೆಟ್ಟಿಲ ಬುಡದ ಮನೆಯವರಿಗೆ ಮೇಲಿನ ಮಹಡಿಯಲ್ಲೂ ಹೆಚ್ಚು ಸ್ನೇಹಿತರು, ಯಾಕೆಂದರೆ ಮೇಲಿನವರು ಅವರ ಮುಂದೆಯೇ ಹಾದು ಹೋಗುತ್ತಿದ್ದರು. ಇಷ್ಟು ಗೊತ್ತಾದ ಮೇಲೆ ಹಾಲ್ ಯಾಕೆ ಕಟ್ಟಬೇಕು?

ಮೊದಲು ದಾರಿಗಳನ್ನು ಒಂದು ಮಾಡಿದೆ. ಹಿಂದೊಂದು ಮುಂದೊಂದು ಪ್ರವೇಶ ಇತ್ತು. ಬೆಂಕಿ ಬಿದ್ದಾಗ ಹೊರಬರುವ ದಾರಿಯನ್ನು ಮುಚ್ಚುವಂತಿಲ್ಲ, ಹಾಗಾಗಿ ಹಿಂದಿನದು ಒಳಗಿನಿಂದ ಮಾತ್ರ ತೆರೆಯುವ ಬಾಗಿಲಾಯಿತು. ಮೆಟ್ಟಿಲ ಅಗಲಕ್ಕೂ ಕೈ ಹಾಕಲಿಲ್ಲ. ಮೆಟ್ಟಿಲು ಬಂದು ಮುಟ್ಟುವ ಸಮತಟ್ಟು ಜಾಗದ, ಅಂದರೆ ಲ್ಯಾಂಡಿಂಗ್ ಪಕ್ಕದಲ್ಲಿ ಪ್ರತಿ ಮಹಡಿಗೂ ಬಳಕೆ ತಪ್ಪಿದ ಕಸದ ಕೋಣೆ ಇತ್ತು. ಅದರ ಗೋಡೆ ಭಾರ ಹೊರುವ ಗೋಡೆಯಲ್ಲ. ಒಡೆದಾಗ ಎರಡು ಮೀಟರ್‌ಗೆ ಒಂದೂವರೆ ಮೀಟರ್‌ನಷ್ಟು ಜಾಗ ಸಿಕ್ಕಿತು. ನನ್ನ ಇಡೀ ಕೆಲಸ ನಡೆದದ್ದು ಆ ಗೂಡುಗಳಲ್ಲೇ.

ಗಾರೆ ಕೆಲಸಕ್ಕೆ ಮುಂಚೆ ಒಂದು ಮಹಡಿಯಲ್ಲಿ ಪ್ಲೈವುಡ್ ಕಟ್ಟೆ ಇಟ್ಟು ನೋಡಿದೆವು. ಎದುರುಬದುರು ಎರಡು ಕಟ್ಟೆ. ಕೆಲಸ ಮಾಡಲಿಲ್ಲ. ಒಬ್ಬರು ಕೂತರೆ ಎದುರಿನದು ಖಾಲಿ. ಅಷ್ಟು ಹತ್ತಿರದಲ್ಲಿ ಕಣ್ಣಿಗೆ ಕಣ್ಣು ಕೊಟ್ಟು ಕೂರುವುದು ಪರಿಚಯವಿಲ್ಲದವರಿಗೆ ಹಿಂಸೆ. ಒಂದೇ ಉದ್ದ ಕಟ್ಟೆ ಇಟ್ಟೆವು. ಕೂತರು, ಆದರೆ ಇಬ್ಬರೂ ಗೋಡೆ ನೋಡಿಕೊಂಡು ಸುಮ್ನೆ ಕೂತರು. ಕೊನೆಗೆ ಮೂಲೆಗೆ ಕೂಡುವ ಹಾಗೆ ಎರಡು ತುಂಡು. ಅದೇ ವಾರ ಮಾತು ಕೇಳಿಸಿತು. ಮೂಲೆಯಲ್ಲಿ ಕೂತವರು ಬೇಕಾದಾಗ ಮುಖ ನೋಡಬಹುದು, ಬೇಡವಾದಾಗ ಬೇರೆ ಕಡೆ ನೋಡಬಹುದು. 1950ರ ದಶಕದಲ್ಲಿ ಕೆನಡಾದ ಆಸ್ಪತ್ರೆಯೊಂದರಲ್ಲಿ ಮನಶ್ಶಾಸ್ತ್ರಜ್ಞ ರಾಬರ್ಟ್ ಸಾಮರ್ ಕುರ್ಚಿಗಳನ್ನು ಗೋಡೆಯಿಂದ ಬಿಡಿಸಿ ಸಣ್ಣ ಮೇಜಿನ ಸುತ್ತ ಇಟ್ಟಾಗಲೂ ಮಾತುಕತೆ ಜಾಸ್ತಿಯಾಗಿತ್ತು. ಮೇಜಿನ ಮೂಲೆಯಲ್ಲಿ ಕೂತವರೇ ಹೆಚ್ಚು ಮಾತಾಡುತ್ತಾರೆ ಎಂದೂ ಅವರು ಕಂಡಿದ್ದರು.

ಕಟ್ಟೆಯ ಎತ್ತರ 45 ಸೆಂಟಿಮೀಟರ್, ಆಳ 60ರ ಹತ್ತಿರ. ಇವು ಮುಖ್ಯ ಅಲ್ಲ. ಮುಖ್ಯವಾದದ್ದು ಪಕ್ಕದಲ್ಲಿ ಸೊಂಟದ ಎತ್ತರಕ್ಕೆ ಹಾಕಿದ ಒಂದು ಹಲಗೆಗಲ್ಲು. ಸಾಮಾನು ಹೊತ್ತು ಬಂದವರು ಚೀಲ ಇಡಲು ಜಾಗ ಇದ್ದರೆ ನಿಲ್ಲುತ್ತಾರೆ. ನಿಂತವರು ಮಾತಾಡುತ್ತಾರೆ. ಮಾತು ಬೆಳೆದರೆ ಕೂರುತ್ತಾರೆ. ಈ ಕಲ್ಲನ್ನು ನಾನು ಯಾರ ನಕ್ಷೆಯಲ್ಲೂ ನೋಡಿಲ್ಲ. ನನ್ನದೇ ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಕೊನೆಯ ಮೆಟ್ಟಿಲಿನಿಂದ ಅದು ಎಷ್ಟು ದೂರ ಇರಬೇಕು ಅನ್ನುವುದರಲ್ಲಿ ಗುಟ್ಟಿದೆ. ಆ ಅಳತೆ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಮನೆ ಹೊರಗಿನವರ ಕಣ್ಣಿಗೆ ಬೀಳುವುದು ಎಲ್ಲರಿಗೂ ಒಂದೇ ಥರ ಹಿಡಿಸುವುದಿಲ್ಲ. ಕೆಲವು ಮನೆಯವರು ಬಾಗಿಲು ಹಾರು ಹೊಡೆದೇ ಇಡುತ್ತಾರೆ. ಇನ್ನು ಕೆಲವರಿಗೆ ಒಳಗಿನದು ಹೊರಗೆ ಕಂಡರೆ ಅವಮಾನ. ಜನ ಬೆಳೆದ ಸಂಸ್ಕೃತಿಗೆ ತಕ್ಕಂತೆ ಹತ್ತಿರ ದೂರಗಳ ಲೆಕ್ಕವೇ ಬೇರೆಯಾಗುತ್ತದೆ ಎಂದು ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ 1960ರ ದಶಕದಲ್ಲೇ ಹೇಳಿದ್ದರು. ಹಾಗಾಗಿ ಕಟ್ಟೆಯಲ್ಲಿ ಕೂತವರ ಕಣ್ಣಿಗೆ ಯಾವ ಬಾಗಿಲೂ ನೇರ ಬೀಳದ ಹಾಗೆ ತೂತು ಬಿಟ್ಟು ಜೋಡಿಸಿದ ಜಾಲಿ ಇಟ್ಟಿಗೆಯ ಗಿಡ್ಡ ಗೋಡೆ ಕೊಟ್ಟೆ. ಬಾಗಿಲಲ್ಲಿ ನಿಂತವರಿಗೆ ಕಟ್ಟೆಯಲ್ಲಿ ಯಾರಿದ್ದಾರೆ ಎಂದು ಗೊತ್ತಾಗುತ್ತದೆ, ಕಟ್ಟೆಯಲ್ಲಿ ಕೂತವರಿಗೆ ಮನೆಯೊಳಗೆ ಏನೂ ಕಾಣುವುದಿಲ್ಲ. ತುಂಬಾ ವಿರೋಧಿಸಿದ್ದ ಮನೆಯವರೇ ಈಗ ಹೆಚ್ಚು ಹೊತ್ತು ಹೊರಗಿರುತ್ತಾರೆ.

ನಡುವೆ ಕೆಲವು ಪ್ರಯೋಗ ಮಾಡಿದೆ. ನ್ಯೂಯಾರ್ಕ್‌ನ ಚೌಕಗಳನ್ನು ನಗರಗಳ ಬಗ್ಗೆ ಬರೆಯುತ್ತಿದ್ದ ವಿಲಿಯಂ ವೈಟ್ 1970ರ ದಶಕದಲ್ಲಿ ಕ್ಯಾಮೆರಾ ಇಟ್ಟು ನೋಡಿ, ಕೂರಲು ಜಾಗ ಇರುವಲ್ಲಿ ಜನ ಕೂರುತ್ತಾರೆ, ಸರಿಸಬಹುದಾದ ಕುರ್ಚಿ ಇನ್ನೂ ಒಳ್ಳೆಯದು ಎಂದಿದ್ದರು. ನಾನೂ ಸ್ಟೂಲ್ ಇಟ್ಟೆ. ಕೆಲವೇ ದಿನದಲ್ಲಿ ಎಲ್ಲವೂ ಮನೆಗಳ ಒಳಗೆ ಸೇರಿದವು. ಮೆಟ್ಟಿಲ ಪಕ್ಕದ ಜಾಗಕ್ಕೆ ಸರಿಸುವ ಕುರ್ಚಿ ಹೊಂದುವುದಿಲ್ಲ. ಸದ್ದಿನ ವಿಷಯ ಮಾತ್ರ ಗೆದ್ದಿತು. ಬರೀ ಗಾರೆಯ ಗೂಡಿನಲ್ಲಿ ಪಿಸುಮಾತೂ ಮೇಲಿನ ಮಹಡಿಗೆ ಕೇಳುತ್ತದೆ, ಜನ ಬೇಗ ಎದ್ದು ಹೋಗುತ್ತಾರೆ. ಸೀಲಿಂಗ್‌ಗೆ ಕಲ್ಲಿನ ನಾರಿನಿಂದ ಮಾಡಿದ, ಬೆಂಕಿ ಹಿಡಿಯದೆ ಸದ್ದು ಹೀರುವ ರಾಕ್‌ವುಲ್ ಹಾಸಿ ತೂತಿನ ಹಲಗೆ ಹೊಡೆದ ಮೇಲೆ ಕೂರುವ ಹೊತ್ತು ಸುಮಾರು ದುಪ್ಪಟ್ಟಾಯಿತು. ಪಶ್ಚಿಮದ ಗೂಡುಗಳಲ್ಲಿ ಸಂಜೆ ಬಿಸಿಲು ನೇರ ಹೊಡೆಯುತ್ತಿತ್ತು. ಅಲ್ಲಿ ಕಿಟಕಿಗೆ ಬಿಸಿಲು ತಡೆಯುವ ನಿಲುವು ಪಟ್ಟಿ ಕೂರಿಸುವ ತನಕ ಒಬ್ಬರೂ ಕೂರಲಿಲ್ಲ. ಅಳತೆ ಎಷ್ಟೇ ಸರಿಯಿರಲಿ, ಬಿಸಿಲು ಗಾಳಿ ನೋಡದೆ ಇಟ್ಟ ಕಟ್ಟೆ ದಂಡ.

ಖರ್ಚು ಒಟ್ಟು ಎಲ್ಲ ಸೇರಿ ಆ ಹಾಲ್‌ಗೆ ಹೋಗಿದ್ದರಲ್ಲಿ ಐದನೇ ಒಂದು ಪಾಲು ಇರಬಹುದು. ಅದರಲ್ಲಿ ಅರ್ಧ ಗೋಡೆ ಒಡೆದು ಅವಶೇಷ ಸಾಗಿಸುವುದಕ್ಕೇ ಹೋಯಿತು. ಪ್ಲೈವುಡ್ ಮಾದರಿಗೆ ನೂರಕ್ಕೆ ಎರಡೋ ಮೂರೋ. ಸಮಿತಿ ಅದನ್ನೇ ದಂಡದ ಖರ್ಚು ಎಂದು ಮೊದಲು ಹೊಡೆದುಹಾಕಿತ್ತು. ಆ ಮಾದರಿ ಇಲ್ಲದಿದ್ದರೆ ಎದುರುಬದುರು ಕಟ್ಟೆಗಳನ್ನೇ ನಾಲ್ಕೂ ಮಹಡಿಗೆ ಗಾರೆಯಲ್ಲಿ ಕಟ್ಟಿಬಿಡುತ್ತಿದ್ದೆವು.

ಮೊದಲು ಹೆಸರು ಹಿಡಿದು ಕರೆಯುವಷ್ಟು ಪರಿಚಯ ಇದ್ದದ್ದು ಐದಾರು ಮನೆಗಳ ನಡುವೆ. ಈಗ ಮುಕ್ಕಾಲು ಪಾಲು ಮನೆಗಳವರು ಹಾಗೆ ಕರೆಯುತ್ತಾರೆ. ಸದ್ದಿನ ದೂರುಗಳು ಹೆಚ್ಚುಕಡಿಮೆ ನಿಂತಿವೆ, ಬಾಗಿಲು ತಟ್ಟಿ ನೇರವಾಗಿ ಹೇಳುತ್ತಾರೆ. ಈಗ ಲಿಫ್ಟ್ ಇರುವ ಎತ್ತರದ ಕಟ್ಟಡವೊಂದು ಕೈಯಲ್ಲಿದೆ. ಅಲ್ಲಿ ಯಾರೂ ಮೆಟ್ಟಿಲು ಹತ್ತುವುದಿಲ್ಲ, ಲಿಫ್ಟ್ ಬಾಗಿಲ ಮುಂದೆ ಕಾಯುವ ಅರ್ಧ ನಿಮಿಷವೇ ನನಗೆ ಸಿಗುವ ಹೊತ್ತು. ಚೀಲ ಇಡುವ ಕಲ್ಲನ್ನು ಅಲ್ಲಿಗೆ ತಂದಿದ್ದೇನೆ, ಸದ್ಯಕ್ಕೆ ಪ್ಲೈವುಡ್‌ನಲ್ಲಿ.