ಕಂಡಕ್ಟರ್ ಹೊಟ್ಟೆಗೂ ಒಂದು ಟೈಮ್‌ಟೇಬಲ್

ನಾಲ್ಕು ದಿನದಿಂದ ನನಗೆ ಮೋಷನ್ ಆಗಿರಲಿಲ್ಲ. ಐದನೇ ದಿನ ಬಸ್ಸು ಹಾಸನ ಬಿಟ್ಟು ಅರ್ಧ ಗಂಟೆ ಆಗಿರಬಹುದು, ಒಬ್ಬ ಅಜ್ಜ "ಹಳೇಬೀಡಿಗೆ ಹೋಗಕ್ಕೆ ಎಲ್ಲಿಳೀಬೇಕವ್ವ" ಎಂದು ಮೂರನೇ ಸಲ ಕೇಳಿದರು. ಬೇಲೂರಲ್ಲಿ ಇಳಿದು ಬೇರೆ ಬಸ್ಸು ಹತ್ತಿ ಎಂದಿದ್ದರೆ ಮುಗಿಯುತ್ತಿತ್ತು. ನಾನು ಇಡೀ ಬಸ್ಸು ತಿರುಗಿ ನೋಡುವ ಹಾಗೆ ರೇಗಿದೆ. ಅಜ್ಜ ಟವೆಲ್ ತೆಗೆದು ಮುಖ ಒರೆಸಿಕೊಂಡು ಕಿಟಕಿ ಕಡೆ ತಿರುಗಿದರು. ಡ್ರೈವರ್ ಕನ್ನಡಿಯಲ್ಲಿ ನೋಡಿ, "ಅಕ್ಕಾ, ಬೆಳಿಗ್ಗೆ ಏನಾದ್ರೂ ತಿಂದ್ರಾ ಇಲ್ವಾ?" ಎಂದ.

ತಿಂದಿದ್ದೆ. ತಿಂದದ್ದು ಹೊರಗೆ ಹೋಗಿರಲಿಲ್ಲ, ಅಷ್ಟೇ.

ನಾನು ಹಾಸನ–ಬೇಲೂರು–ಚಿಕ್ಕಮಗಳೂರು ದಾರಿಯಲ್ಲಿ ಕಂಡಕ್ಟರ್. ಬೆಳಿಗ್ಗೆ ಐದೂಮುಕ್ಕಾಲಿಗೆ ಮೊದಲ ಟ್ರಿಪ್. ಆಗ ನನ್ನ ದಿನ ಹೀಗಿತ್ತು: ಎದ್ದ ತಕ್ಷಣ ಖಾಲಿ ಹೊಟ್ಟೆಗೆ ಕಾಫಿ, ಓಡಿಕೊಂಡು ಡಿಪೋ, ಸ್ಟ್ಯಾಂಡಿನಲ್ಲಿ ಬೋಂಡ, ಮತ್ತೆ ಟೀ, ಎರಡು ಗಂಟೆಗೋ ನಾಲ್ಕು ಗಂಟೆಗೋ ಊಟ, ರಾತ್ರಿ ಒಂಬತ್ತೂವರೆಗೆ ಹೊಟ್ಟೆ ಬಿರಿಯುವಷ್ಟು ಮುದ್ದೆ. ನೀರು ಮಾತ್ರ ಕುಡಿಯುತ್ತಿರಲಿಲ್ಲ. ಕುಡಿದರೆ ಎಲ್ಲಿ ಹೋಗುವುದು? ಗಂಡಸರಾದರೆ ಎಲ್ಲೋ ಒಂದು ಮರ ನೋಡಿಕೊಳ್ಳುತ್ತಾರೆ. ಎದೆಯುರಿಗೆ ಮೆಡಿಕಲ್ ಶಾಪಿನಲ್ಲಿ ಗ್ಯಾಸ್ಟ್ರಿಕ್ ಮಾತ್ರೆ ಕೇಳಿ ತಂದು, ಎರಡು ವರ್ಷ ದಿನಾ ನುಂಗಿದ್ದೆ. ಯಾವ ಡಾಕ್ಟರೂ ಬರೆದುಕೊಟ್ಟದ್ದಲ್ಲ.

ಕೊನೆಗೆ ಡಾಕ್ಟರ ಹತ್ತಿರ ಹೋದಾಗ ಅವರು ಮೊದಲು ಥೈರಾಯ್ಡ್ ಪರೀಕ್ಷೆ ಮಾಡಿಸಿದರು. ಥೈರಾಯ್ಡ್ ಕಡಿಮೆಯಾದರೂ ಹೊಟ್ಟೆ ಕಟ್ಟುತ್ತದೆ, ಮನಸ್ಸು ಕುಗ್ಗುತ್ತದೆ. ನನ್ನದು ಸರಿ ಇತ್ತು. "ಏನಮ್ಮ, ನಿಮ್ಮ ಬಸ್ಸಿಗೆ ಟೈಮ್ ಇದೆ, ನಿಮ್ಮ ಹೊಟ್ಟೆಗೆ ಇಲ್ವಲ್ಲ" ಎಂದರು. ಆ ಮಾತು ಚುಚ್ಚಿತು. ಹೊಟ್ಟೆ ಸರಿಮಾಡಿಕೊಳ್ಳಬೇಕು ಅನ್ನುವವರು ಏನು ತಿನ್ನಬೇಕು ಅಂತ ಶುರುಮಾಡುತ್ತಾರೆ. ಯಾವಾಗ ಅನ್ನುವುದರಿಂದ ಶುರುಮಾಡಿ. ನನಗೆ ಕೆಲಸ ಮಾಡಿದ್ದು ಅದೇ.

ಹೊಟ್ಟೆ ಕೆಟ್ಟರೆ ತಲೆ ಯಾಕೆ ಕೆಡುತ್ತದೆ ಅನ್ನುವುದು ನಮ್ಮ ಭಾಷೆಗೆ ಮೊದಲೇ ಗೊತ್ತಿತ್ತೇನೋ. ಕರುಳು ಚುರ್ ಅಂತು ಅನ್ನುತ್ತೇವೆ, ಅಸೂಯೆಗೆ ಹೊಟ್ಟೆಕಿಚ್ಚು ಅನ್ನುತ್ತೇವೆ, ಕ್ಷಮೆ ಕೇಳುವಾಗ ಕೂಡ "ಹೊಟ್ಟೆಗೆ ಹಾಕ್ಕೊಳ್ಳಿ" ಅನ್ನುತ್ತೇವೆ. ಕರುಳಿನ ಗೋಡೆಯಲ್ಲಿ 10 ಕೋಟಿಗೂ ಜಾಸ್ತಿ ನರಕಣಗಳಿವೆ. ಅಲ್ಲಿಂದ ಮಿದುಳಿಗೆ ವೇಗಸ್ ಅನ್ನುವ ಉದ್ದನೆಯ ನರ ಇದೆ. ಅದರ ಎಳೆಗಳಲ್ಲಿ ನೂರಕ್ಕೆ ಸುಮಾರು 80ರಷ್ಟು ಪಾಲು ಕೆಳಗಿನಿಂದ ಮೇಲಕ್ಕೆ ಸುದ್ದಿ ಒಯ್ಯುವಂಥವು. ಅಂದರೆ ತಲೆ ಹೊಟ್ಟೆಗೆ ಹೇಳುವುದಕ್ಕಿಂತ ಹೊಟ್ಟೆ ತಲೆಗೆ ಹೇಳುವುದೇ ಜಾಸ್ತಿ.

ಇಲ್ಲೊಂದು ಎಚ್ಚರಿಕೆ. ಮನಸ್ಸಿಗೆ ಸಂಬಂಧಿಸಿದ ಸೆರೊಟೊನಿನ್ ಅನ್ನುವ ರಾಸಾಯನಿಕದಲ್ಲಿ ನೂರಕ್ಕೆ ಸುಮಾರು 90 ಪಾಲು ಕರುಳಿನಲ್ಲೇ ತಯಾರಾಗುತ್ತದೆ, ಅದಕ್ಕೆ ಈ ಪುಡಿ ತಿನ್ನಿ ಖುಷಿಯಾಗಿರಿ ಅಂತ ಮೊಬೈಲಲ್ಲಿ ಮಾರುತ್ತಾರೆ. ತಯಾರಾಗುವುದು ನಿಜ. ಆದರೆ ಆ ಸೆರೊಟೊನಿನ್ ರಕ್ತದಿಂದ ಮಿದುಳಿನೊಳಗೆ ದಾಟುವುದಿಲ್ಲ, ಕರುಳು ಚಲಿಸುವಂತೆ ಮಾಡುವುದೇ ಅದರ ಮುಖ್ಯ ಕೆಲಸ. ಪುಡಿಗೆ ದುಡ್ಡು ಹಾಕಬೇಡಿ.

ಮೊದಲು ಹತ್ತು ರೂಪಾಯಿಯ ಪಾಕೆಟ್ ನೋಟ್‌ಬುಕ್ ತನ್ನಿ. ಎರಡು ವಾರ ಏನನ್ನೂ ಬದಲಾಯಿಸದೆ ಸುಮ್ನೆ ಬರೆಯಿರಿ: ಎಷ್ಟೊತ್ತಿಗೆ ತಿಂದೆ, ಎಷ್ಟು ಲೋಟ ನೀರು, ಮೋಷನ್ ಆಯಿತಾ, ಹೇಗಿತ್ತು, ಆ ದಿನ ಯಾರ ಮೇಲಾದರೂ ರೇಗಿದೆನಾ. ಹೇಗಿತ್ತು ಅನ್ನುವುದಕ್ಕೆ ಬ್ರಿಸ್ಟಲ್ ಪಟ್ಟಿ ಅಂತ ಒಂದಿದೆ, ಒಂದರಿಂದ ಏಳರವರೆಗೆ. ಒಂದು ಅಂದರೆ ಮೇಕೆ ಹಿಕ್ಕೆ. ನಾಲ್ಕು ಅಂದರೆ ಬಾಳೆಹಣ್ಣಿನ ಹಾಗೆ ನುಣುಪು. ಏಳು ಅಂದರೆ ಬರೀ ನೀರು. ಮೂರು, ನಾಲ್ಕು ಇದ್ದರೆ ಒಳ್ಳೆಯದು. ಮೋಷನ್ ಆಗದ ದಿನಕ್ಕೆ ನಾನು ಸೊನ್ನೆ ಹಾಕುತ್ತಿದ್ದೆ. ನನ್ನ ಪುಸ್ತಕದ ತುಂಬಾ ಒಂದು, ಒಂದು, ಸೊನ್ನೆ, ಎರಡು. ಜಗಳದ ದಿನಗಳೆಲ್ಲ ಸೊನ್ನೆಯ ಪಕ್ಕದಲ್ಲೇ ಇದ್ದವು. ಸೋಮವಾರದ ರಶ್ಶೂ ಅದಕ್ಕೆ ಸೇರಿಕೊಂಡಿತ್ತು, ಸುಳ್ಳು ಯಾಕೆ ಹೇಳಲಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಹೆಣ್ಮಕ್ಕಳು ಓಡಾಡುವುದನ್ನು ನೋಡಿದರೆ ಖುಷಿ, ಆದರೆ ಸೋಮವಾರ ಬಾಗಿಲಿಂದ ಹಿಂದಿನ ಸೀಟಿಗೆ ಹೋಗಿ ಬರುವಷ್ಟರಲ್ಲಿ ಜೀವ ಬಾಯಿಗೆ ಬರುತ್ತದೆ.

ಆಮೇಲೆ ಬೆಳಗಿನ ಹೊತ್ತು ಗೊತ್ತುಮಾಡಿಕೊಳ್ಳಿ. ರಾತ್ರಿ ನಿದ್ದೆ ಮಾಡಿರುವ ದೊಡ್ಡ ಕರುಳು ನಾವು ಎದ್ದಾಗ ತಾನೂ ಏಳುತ್ತದೆ, ಹೊಟ್ಟೆಗೆ ಏನಾದರೂ ಬಿದ್ದ ತಕ್ಷಣ ಇನ್ನಷ್ಟು ಚುರುಕಾಗುತ್ತದೆ. ಆ ಅರ್ಧ ಗಂಟೆಯಲ್ಲಿ ಬರುವ ಕರೆಯನ್ನು ನಾನು ವರ್ಷಗಟ್ಟಲೆ ತಡೆದಿದ್ದೆ. ತಡೆದಷ್ಟೂ ಕರುಳು ಮಲದ ನೀರನ್ನು ಹೀರಿಕೊಂಡು ಗಟ್ಟಿ ಮಾಡುತ್ತದೆ. ದಿನವೂ ತಡೆದರೆ ಕರೆಯುವುದನ್ನೇ ಬಿಡುತ್ತದೆ. ಮೂರು ಸಲ ಕೈ ಅಡ್ಡ ಹಿಡಿದರೂ ಬಸ್ಸು ನಿಲ್ಲದಿದ್ದರೆ ನಾಲ್ಕನೇ ದಿನ ಆ ಸ್ಟಾಪಿನಲ್ಲಿ ಯಾರು ನಿಲ್ಲುತ್ತಾರೆ?

ಅಲಾರಂ ಇಪ್ಪತ್ತು ನಿಮಿಷ ಮುಂಚೆಗೆ ಇಟ್ಟೆ. ಎದ್ದು ಎರಡು ಲೋಟ ಬಿಸಿನೀರು, ಒಂದು ಬಾಳೆಹಣ್ಣು, ಆಮೇಲೆ ಕಾಫಿ, ಆಮೇಲೆ ಹೋಗಿ ಕೂರುವುದು. ಬರಲಿ, ಬಿಡಲಿ. ಅತ್ತೆಗೆ ಮಂಡಿನೋವು ಬಂದ ಮೇಲೆ ನಮ್ಮ ಮನೆಯಲ್ಲಿ ಕಮೋಡ್ ಹಾಕಿಸಿದ್ದೇವೆ, ಅದರ ಮುಂದೆ ಪುಟ್ಟ ಪ್ಲಾಸ್ಟಿಕ್ ಸ್ಟೂಲ್ ಇಟ್ಟುಕೊಂಡು ಕಾಲಿಡುತ್ತೇನೆ. ಮಂಡಿ ಸೊಂಟಕ್ಕಿಂತ ಮೇಲೆ ಬಂದರೆ ದಾರಿ ನೇರವಾಗುತ್ತದೆ, ಹಳೇ ಕಕ್ಕಸಿನಲ್ಲಿ ಕುಕ್ಕರುಗಾಲಲ್ಲಿ ಕೂತ ಹಾಗೆ. ಮೊಬೈಲ್ ಹೊರಗಿಡಿ. ತಿಣುಕಬೇಡಿ. ಹತ್ತು ನಿಮಿಷಕ್ಕೆ ಎದ್ದುಬಿಡಿ. ಮೊದಲ ಒಂಬತ್ತು ದಿನ ನನಗೆ ಏನೂ ಆಗಲಿಲ್ಲ. ಅತ್ತೆ ಬಾಗಿಲ ಹೊರಗಿಂದ "ಇನ್ನೂ ಆಗಲಿಲ್ವೇನೆ" ಎಂದು ಕೇಳುತ್ತಿದ್ದುದು ಬೇರೆ. ಹತ್ತನೇ ದಿನದಿಂದ ಕರೆ ಬರತೊಡಗಿತು.

ನೀರಿನ ವಿಷಯಕ್ಕೆ ಡಾಕ್ಟರಿಗಿಂತ ನಾನೇ ಚೆನ್ನಾಗಿ ಹೇಳಬಲ್ಲೆ. ದಿನಕ್ಕೆ ಇಷ್ಟು ಲೀಟರ್ ಅನ್ನುವುದು ಬಸ್ಸಿನಲ್ಲಿ ನಡೆಯುವುದಿಲ್ಲ. ನಿಮ್ಮ ದಾರಿಯಲ್ಲಿ ಶುಚಿಯಾದ ಟಾಯ್ಲೆಟ್ ಎಲ್ಲಿದೆ ಅಂತ ಮೊದಲು ಪಟ್ಟಿ ಮಾಡಿ, ಅದಕ್ಕೆ ಲೆಕ್ಕ ಹಾಕಿ ಕುಡಿಯಿರಿ. ಟಾಯ್ಲೆಟ್ ಸಿಗುವುದಕ್ಕೆ ಒಂದು ಗಂಟೆ ಮುಂಚೆ ಒಂದು ಲೋಟ, ಅಲ್ಲಿ ತಲುಪಿದಾಗ ಇನ್ನೊಂದು. ಮನೆಯಲ್ಲಿ ಎದ್ದಾಗ ಎರಡು, ವಾಪಸ್ ಬಂದ ಮೇಲೆ ಎರಡು. ಮೂತ್ರ ತಿಳಿ ಹಳದಿ ಇದ್ದರೆ ಸಾಕು. ಗಾಢ ಹಳದಿಯಾದರೆ ಕಡಿಮೆ ಕುಡಿದಿದ್ದೀರಿ ಅಂತ ಲೆಕ್ಕ.

ಈಗ ಊಟ. ಇಲ್ಲಿ ನಾನು ಎಡವಿದ್ದನ್ನು ಕೇಳಿ. ಡಾಕ್ಟರ್ ನಾರು (ಫೈಬರ್) ಜಾಸ್ತಿ ತಿನ್ನಿ ಎಂದಿದ್ದರು, ಅವತ್ತೇ ರಾತ್ರಿ ಎರಡು ಮುದ್ದೆ, ಹುರುಳಿಕಾಳಿನ ಸಾರು, ಬಾಳೆದಿಂಡಿನ ಪಲ್ಯ, ಮಲಗುವ ಮುಂಚೆ ಇಸಬ್‌ಗೋಲ್. ಮಾರನೇ ದಿನ ಫುಲ್ ಲೋಡ್ ಬಸ್ಸಿನಲ್ಲಿ ನನ್ನ ಹೊಟ್ಟೆ ಡೋಲಿನ ಹಾಗೆ ಉಬ್ಬಿತ್ತು. ಉಳಿದದ್ದನ್ನು ಬರೆಯುವುದು ಬೇಡ. ನಾರನ್ನು ನಾವು ಅರಗಿಸುವುದಿಲ್ಲ, ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ತಿನ್ನುತ್ತವೆ. ತಿಂದು ಬ್ಯುಟಿರೇಟ್ ಅನ್ನುವ ಕೊಬ್ಬಿನಾಮ್ಲ ಕೊಡುತ್ತವೆ, ಕರುಳಿನ ಒಳಪದರಕ್ಕೆ ಅದೇ ಮುಖ್ಯ ಆಹಾರ. ಗ್ಯಾಸೂ ಕೊಡುತ್ತವೆ. ಅಭ್ಯಾಸವಿಲ್ಲದ ಹೊಟ್ಟೆಗೆ ಒಂದೇ ಸಲ ಸುರಿದರೆ ಗ್ಯಾಸೇ ಜಾಸ್ತಿ. ನೀರಿಲ್ಲದೆ ನಾರು ತಿಂದರಂತೂ ಇನ್ನೂ ಕಟ್ಟಿಕೊಳ್ಳುತ್ತದೆ.

ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ಇದೆ, ಹುರುಳಿಯಲ್ಲಿ ಸುಮಾರು 8, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3ಕ್ಕೂ ಕಡಿಮೆ. ಹಾಸನದವರಿಗೆ ಹೊಸದಾಗಿ ಏನೂ ಕೊಳ್ಳಬೇಕಿಲ್ಲ ಅಲ್ವಾ? ರಾಗಿ ಹಿಟ್ಟನ್ನು ತೀರಾ ನಯವಾಗಿ ಜರಡಿ ಹಿಡಿಯಬೇಡಿ, ತೌಡೆಲ್ಲ ಹೋಗುತ್ತದೆ. ವಾರಕ್ಕೆ ಒಂದೇ ಬದಲಾವಣೆ ಮಾಡಿ. ನಾನು ಮೊದಲ ವಾರ ಮಧ್ಯಾಹ್ನದ ಅನ್ನ ಅರ್ಧ ಮಾಡಿ ಸೊಪ್ಪಿನ ಪಲ್ಯ ಸೇರಿಸಿದೆ. ಎರಡನೇ ವಾರ ಬಸ್ಸಾರು. ಕಾಳು ಬಂದದ್ದು ಮೂರನೇ ವಾರ, ಅದೂ ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಮೊಳಕೆ ಬರಿಸಿ. ಹಾಗೆ ಮಾಡಿದರೆ ಗ್ಯಾಸ್ ಕಡಿಮೆ. ರಾತ್ರಿ ಊಟವನ್ನು ಎಂಟಕ್ಕೆ ತಂದು ಮುದ್ದೆಯನ್ನು ಒಂದಕ್ಕೆ ಇಳಿಸಿದ ಮೇಲೆ ಎದೆಯುರಿ ತಾನಾಗೇ ಕಡಿಮೆಯಾಯಿತು.

ಮಜ್ಜಿಗೆ ಬಿಡಬೇಡಿ. 2021ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 36 ಜನರ ಮೇಲೆ ಒಂದು ಅಧ್ಯಯನ ಮಾಡಿದರು. ಹತ್ತು ವಾರ ಮೊಸರಿನಂಥ ಹುದುಗಿಸಿದ ಆಹಾರ ತಿಂದವರ ಕರುಳಿನಲ್ಲಿ ಬ್ಯಾಕ್ಟೀರಿಯಾಗಳ ಬಗೆ ಹೆಚ್ಚಿತ್ತು, ಉರಿಯೂತದ ಗುರುತುಗಳು ಇಳಿದಿದ್ದವು. ಚಿಕ್ಕ ಅಧ್ಯಯನ, ಆದರೆ ಮಜ್ಜಿಗೆಗೆ ಖರ್ಚೇನಿದೆ? ಇಡ್ಲಿಯೂ ಹುದುಗಿದ್ದೇ ಅನ್ನುತ್ತೀರಾ, ಹಬೆಯಲ್ಲಿ ಬೆಂದ ಮೇಲೆ ಬ್ಯಾಕ್ಟೀರಿಯಾ ಬದುಕಿರುವುದಿಲ್ಲ. ಅರಗುವುದು ಸುಲಭ, ಅದಕ್ಕೆ ತಿನ್ನಿ.

ಟ್ರಿಪ್ ನಡುವೆ ಬಾಯಾಡಿಸುವುದನ್ನು ನಿಲ್ಲಿಸಿದ್ದು ನನಗೆ ಎಲ್ಲಕ್ಕಿಂತ ಕಷ್ಟವಾಯಿತು. ಹೊಟ್ಟೆ ಖಾಲಿ ಇದ್ದಾಗ ಸುಮಾರು ಒಂದೂವರೆ ಎರಡು ಗಂಟೆಗೊಮ್ಮೆ ಕರುಳಿನಲ್ಲಿ ಗುಡಿಸುವ ಅಲೆ ಬರುತ್ತದೆ, ಉಳಿದ ಚೂರುಪಾರನ್ನು ಮುಂದಕ್ಕೆ ತಳ್ಳುತ್ತದೆ. ಏನಾದರೂ ತಿಂದ ಕೂಡಲೇ ಅದು ನಿಲ್ಲುತ್ತದೆ. ಜನ ಹತ್ತುತ್ತಲೇ ಇದ್ದರೆ ಬಸ್ಸು ಗುಡಿಸುವುದು ಯಾವಾಗ? ಬೋಂಡ ಬಿಟ್ಟೆ. ಮಿರ್ಚಿ ತಿಂಗಳಿಗೊಂದು ಸಲ ತಿನ್ನುತ್ತೇನೆ, ಚಿಕ್ಕಮಗಳೂರಿನ ಮಳೆಯಲ್ಲಿ ಅದನ್ನೂ ಬಿಡು ಅಂದರೆ ಆಗದು.

ಕಾಫಿ ಬಿಡಿ ಅಂತ ಈ ಸೀಮೆಯಲ್ಲಿ ಯಾರೂ ಹೇಳಬಾರದು. ಹಲವರಿಗೆ ಬೆಳಗಿನ ಕಾಫಿಯೇ ಕರುಳನ್ನು ಎಬ್ಬಿಸುತ್ತದೆ. ಆದರೆ ಕುಡಿದ ಕೆಫೀನ್‌ನಲ್ಲಿ ಅರ್ಧ ಇಳಿಯುವುದಕ್ಕೇ ಐದು ಗಂಟೆಯಷ್ಟು ಬೇಕು. ಸಂಜೆ ಆರಕ್ಕೆ ಕುಡಿದರೆ ನಿದ್ದೆ ಕೆಡುತ್ತದೆ, ನಿದ್ದೆ ಕೆಟ್ಟರೆ ಬೆಳಗಿನ ಟೈಮ್ ತಪ್ಪುತ್ತದೆ. ದಿನಕ್ಕೆ ಎರಡು, ಮಧ್ಯಾಹ್ನ ಎರಡರ ಒಳಗೆ. ಇದು ನನ್ನ ಲೆಕ್ಕ.

ಮಾತ್ರೆ ವಿಷಯದಲ್ಲಿ ನನ್ನ ಹಾಗೆ ಮಾಡಬೇಡಿ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಥರದ ಗ್ಯಾಸ್ಟ್ರಿಕ್ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗಿದರೆ ಬಿ12 ವಿಟಮಿನ್ ಕಡಿಮೆಯಾಗಬಹುದು. ಬಿ12 ಇಳಿದರೆ ಕೈಕಾಲು ಜೋಮು, ಸುಸ್ತು, ಮನಸ್ಸಿಗೂ ಮಂಕು. ಏಕಾಏಕಿ ನಿಲ್ಲಿಸಿದರೂ ಉರಿ ತಿರುಗಿ ಬರುತ್ತದೆ, ಡಾಕ್ಟರ್ ಹೇಳಿದ ಹಾಗೆ ಇಳಿಸುತ್ತಾ ಬನ್ನಿ. ಮನೆಯಲ್ಲಿ ಉಳಿದ ಆಂಟಿಬಯೋಟಿಕ್ ಅನ್ನು ಸುಮ್ನೆ ನೆಗಡಿಗೆಲ್ಲ ನುಂಗಬೇಡಿ, ಒಳ್ಳೆಯ ಬ್ಯಾಕ್ಟೀರಿಯಾಗಳೂ ಸಾಯುತ್ತವೆ.

ಮಲದಲ್ಲಿ ರಕ್ತ, ಟಾರಿನ ಹಾಗೆ ಕಪ್ಪು, ಕಾರಣವಿಲ್ಲದೆ ತೂಕ ಇಳಿಯುವುದು, ನಿದ್ದೆಯಿಂದ ಎಬ್ಬಿಸುವ ನೋವು ಅಥವಾ ಭೇದಿ, ನುಂಗಲು ಕಷ್ಟ, ರಕ್ತಹೀನತೆ, ಐವತ್ತರ ಹತ್ತಿರ ಇದ್ದಕ್ಕಿದ್ದಂತೆ ಮೋಷನ್ ರೀತಿ ಬದಲಾಗುವುದು. ಇದರಲ್ಲಿ ಒಂದಿದ್ದರೂ ನನ್ನ ನೋಟ್‌ಬುಕ್ಕು, ಮಜ್ಜಿಗೆ ಎಲ್ಲ ಪಕ್ಕಕ್ಕಿಡಿ. ಆಸ್ಪತ್ರೆಗೆ ಹೋಗಿ.

ಇನ್ನೊಂದು ಮಾತು. ಎಲ್ಲವನ್ನೂ ಹೊಟ್ಟೆಯ ಮೇಲೆ ಹಾಕಬೇಡಿ. ನನ್ನ ತಂಗಿ ಊಟ ಬಿಟ್ಟು, ಮಾತು ಬಿಟ್ಟು ಮೂಲೆ ಹಿಡಿದಾಗ ನಾವು ಅಜೀರ್ಣ ಅಂದುಕೊಂಡು ಮೂರು ತಿಂಗಳು ಕಷಾಯ ಕುಡಿಸಿದೆವು. ಅದು ಖಿನ್ನತೆ. ಮಾತ್ರೆ, ಮಾತುಕತೆ ಎರಡೂ ಬೇಕಾಯಿತು. ಬೇಸರ ಎರಡು ವಾರ ದಾಟಿದರೆ, ಬದುಕೇ ಬೇಡ ಅನ್ನಿಸಿದರೆ ಅವತ್ತೇ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಕೊನೆಗೆ, ಟೈಮ್ ತಪ್ಪುವ ದಿನಗಳ ಬಗ್ಗೆ. ದೀಪಾವಳಿ ಹೊತ್ತಿಗೆ ಹಾಸನಾಂಬೆ ಗುಡಿ ಬಾಗಿಲು ತೆಗೆದರೆ ಸ್ಪೆಷಲ್ ಬಸ್ಸುಗಳು, ಡಬಲ್ ಡ್ಯೂಟಿ. ಆಗ ಇದ್ಯಾವುದೂ ನಡೆಯುವುದಿಲ್ಲ. ಹೋದ ಸಲ ಮತ್ತೆ ಮೂರು ದಿನ ಸೊನ್ನೆ ಬಿತ್ತು. ಆಗ ಸೊಪ್ಪು, ಕಾಳು ಅಂತ ಒಟ್ಟಿಗೆ ತುಂಬಬೇಡಿ. ನಾನು ಮಾಡಿದ್ದು ಇಷ್ಟೇ: ಬೆಳಿಗ್ಗೆ ಎರಡು ಲೋಟ ಬಿಸಿನೀರು, ಬಾಳೆಹಣ್ಣು, ಆ ಪ್ಲಾಸ್ಟಿಕ್ ಸ್ಟೂಲು. ಮಧ್ಯಾಹ್ನ ರಾಗಿ ಅಂಬಲಿಗೆ ಮಜ್ಜಿಗೆ ಬೆರೆಸಿ ಸ್ಟೀಲ್ ಬಾಟಲಿಯಲ್ಲಿ ತೆಗೆದುಕೊಂಡು ಹೋದೆ. ಡ್ರೈವರಿಗೂ ಅರ್ಧ ಕೊಟ್ಟೆ. ನಾಲ್ಕನೇ ದಿನ ಪುಸ್ತಕದಲ್ಲಿ ಮೂರು ಅಂತ ಬರೆದೆ.